ಒಟಿಪಿ ಬಚ್ಚಿಟ್ಟರೆ ಸಾಲದು, ಮಂಡಿಯ ಲೆಕ್ಕವೂ ಬೇಕು

ಮಾನ್ಯ ಸಂಪಾದಕರೇ,

ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯಗಳ, ಅಂದರೆ ಕ್ರಿಪ್ಟೊ ವಂಚನೆಯ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ಅದರ ಬುಡದಲ್ಲೊಂದು ಚೌಕಟ್ಟು ಹಾಕುತ್ತವೆ. ಒಟಿಪಿ ಯಾರಿಗೂ ಹೇಳಬೇಡಿ, ಪಾಸ್‌ವರ್ಡ್ ಆಗಾಗ ಬದಲಿಸಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ. ಮಾತು ಸರಿಯೇ. ಆದರೆ 2024ರ ಜುಲೈ 18ರಂದು, ಈ ನಾಣ್ಯಗಳನ್ನು ಕೊಂಡು ಮಾರುವ ವೇದಿಕೆಯಾದ ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್, ಎಂದರೆ ಹತ್ತಿರಹತ್ತಿರ 2,000 ಕೋಟಿ ರೂಪಾಯಿಯ ಕ್ರಿಪ್ಟೊ ಕಳುವಾದಾಗ ಗ್ರಾಹಕರ ಒಟಿಪಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಪಾಸ್‌ವರ್ಡನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದವರೂ ಕಳೆದುಕೊಂಡರು, ಫೋನಿನ ಕವರಿನ ಹಿಂದೆ ಬರೆದಿಟ್ಟುಕೊಂಡವರೂ ಅದೇ ಪ್ರಮಾಣದಲ್ಲಿ ಕಳೆದುಕೊಂಡರು.

ಖಾತೆಗೆ ಹಾಕುವ ಬೀಗ ಒಂದು ವಿಷಯ, ಖಾತೆ ಇರುವ ಸಂಸ್ಥೆಯನ್ನು ನಂಬಬಹುದೇ ಎನ್ನುವುದು ಇನ್ನೊಂದು. ಮೊದಲನೆಯದು ಗ್ರಾಹಕರ ಕೈಯಲ್ಲಿದೆ, ಎರಡನೆಯದು ಇಲ್ಲ. ಇವೆರಡನ್ನೂ ಕಲಸಿ ಗ್ರಾಹಕರಿಗೇ ಬುದ್ಧಿ ಹೇಳುತ್ತಾ ಹೋದರೆ ಸಂಸ್ಥೆಗಳು ಕೊಡಬೇಕಾದ ಲೆಕ್ಕವನ್ನು ಕೇಳುವವರೇ ಇಲ್ಲವಾಗುತ್ತಾರೆ.

ಅಡಿಕೆ ಬೆಳೆಯುವ ಊರಿನವರಿಗೆ ಇದನ್ನು ಬೇಗ ಹೇಳಬಹುದು. ಮಂಡಿಯವರು ಎಲ್ಲರ ಅಡಿಕೆಯನ್ನೂ ಒಂದೇ ರಾಶಿಗೆ ಸುರಿದುಕೊಂಡು ಪ್ರತಿಯೊಬ್ಬರ ಕೈಗೂ ತೂಕದ ಚೀಟಿ ಕೊಟ್ಟರು ಎಂದುಕೊಳ್ಳಿ. ನಿಮ್ಮ ಕೈಲಿರುವುದು ಚೀಟಿ. ಗೋದಾಮಿನ ಕೀಲಿ ಮಂಡಿಯವರ ಸೊಂಟದಲ್ಲಿದೆ. ಎಕ್ಸ್‌ಚೇಂಜ್ ಆ್ಯಪ್‌ನಲ್ಲಿ ನಿಮ್ಮ ಹೆಸರಿನೆದುರು ಕಾಣುವ 0.05 ಬಿಟ್‌ಕಾಯಿನ್ ಅಂಥದ್ದೇ ಚೀಟಿ. ಅದು ಸಂಸ್ಥೆಯ ಕಂಪ್ಯೂಟರಿನಲ್ಲಿ ಬರೆದುಕೊಂಡ ಒಂದು ಅಂಕಿ. ನಾಣ್ಯಗಳ ವಹಿವಾಟೆಲ್ಲ ದಾಖಲಾಗುವ ಸಾರ್ವಜನಿಕ ಲೆಕ್ಕದ ಪುಸ್ತಕವಾದ ಬ್ಲಾಕ್‌ಚೈನ್‌ನಲ್ಲಿ ನಿಮ್ಮ ಹೆಸರೂ ಇಲ್ಲ, ನಿಮ್ಮದೇ ಆದ ವಿಳಾಸದಲ್ಲಿ ನಾಣ್ಯವೂ ಕೂತಿಲ್ಲ. ಸಂಸ್ಥೆಯ ಕೆಲವು ದೊಡ್ಡ ವ್ಯಾಲೆಟ್‌ಗಳಲ್ಲಿ, ಅಂದರೆ ಡಿಜಿಟಲ್ ತಿಜೋರಿಗಳಲ್ಲಿ, ಲಕ್ಷಾಂತರ ಜನರದ್ದು ಒಟ್ಟಿಗೆ ಇದೆ. ನಿಮ್ಮ ಪಾಸ್‌ವರ್ಡ್ ಕಾಯುವುದು ಚೀಟಿಯನ್ನು ಮಾತ್ರ.

ಗೋದಾಮಿಗೆ ಕನ್ನ ಬೀಳುವ ಬಗೆ ಬೇರೆ. ವಜೀರ್‌ಎಕ್ಸ್‌ನ ಆ ವ್ಯಾಲೆಟ್‌ಗೆ ಆರು ಸಹಿದಾರರಿದ್ದರು. ಐವರು ಸಂಸ್ಥೆಯವರು, ಒಬ್ಬರು ನಾಣ್ಯ ಕಾಯ್ದಿಡುವ (ಕಸ್ಟಡಿ) ಸೇವೆ ಕೊಡುತ್ತಿದ್ದ ಲಿಮಿನಲ್‌ನವರು. ಸಂಸ್ಥೆಯ ಮೂವರು ಮತ್ತು ಕೊನೆಗೆ ಲಿಮಿನಲ್ ಸಹಿ ಹಾಕಿದರೆ ಹಣ ಹೊರಡುತ್ತಿತ್ತು. ಕಾಗದದ ಮೇಲೆ ಭದ್ರವಾದ ಏರ್ಪಾಡು. ಪರದೆಯ ಮೇಲೆ ತೋರಿದ ವಹಿವಾಟೇ ಬೇರೆ, ನಿಜಕ್ಕೂ ಸಹಿ ಬಿದ್ದ ವಹಿವಾಟೇ ಬೇರೆ ಎಂದು ಸಂಸ್ಥೆ ಹೇಳಿತು. ಆ ಸಹಿಯಿಂದ ವ್ಯಾಲೆಟ್‌ನ ಹಿಡಿತವೇ ಕಳ್ಳರಿಗೆ ಹೋಯಿತು. ತಪ್ಪು ಯಾರದೆಂದು ಎರಡೂ ಸಂಸ್ಥೆಗಳು ಒಂದರ ಕಡೆ ಒಂದು ಬೊಟ್ಟು ಮಾಡಿದವು. ಕೃತ್ಯ ಉತ್ತರ ಕೊರಿಯಾದ ಹ್ಯಾಕರ್‌ಗಳದ್ದೆಂದು ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ 2025ರ ಜನವರಿಯಲ್ಲಿ ಜಂಟಿಯಾಗಿ ಹೇಳಿದವು. ಮುಂದಿನ ತಿಂಗಳೇ, ಫೆಬ್ರುವರಿ 21ರಂದು, ಬೈಬಿಟ್ ಎಕ್ಸ್‌ಚೇಂಜ್‌ನಲ್ಲಿ ಹೆಚ್ಚುಕಡಿಮೆ ಇದೇ ಆಟ ನಡೆದು 4 ಲಕ್ಷಕ್ಕೂ ಹೆಚ್ಚು ಈಥರ್ ನಾಣ್ಯ ಹೋಯಿತು. ಆಗಿನ ಬೆಲೆಗೆ ಅದು ಸುಮಾರು 150 ಕೋಟಿ ಡಾಲರ್. ಅಲ್ಲಿ ಸಹಿ ಹಾಕಲು ಬಳಸುತ್ತಿದ್ದ ಜಾಲತಾಣದ ಕೋಡನ್ನೇ ತಿದ್ದಲಾಗಿತ್ತು. ಓದಿದ್ದು ಒಂದು ಪತ್ರ, ಸಹಿ ಬಿದ್ದದ್ದು ಇನ್ನೊಂದಕ್ಕೆ.

2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್‌ನಲ್ಲಿ 4.4 ಕೋಟಿ ಡಾಲರ್ ಹೋದದ್ದು ಬೆಂಗಳೂರಿಗೇ ಸೇರಿದ ಪ್ರಕರಣ. ಸಂಸ್ಥೆಯ ನೌಕರರೊಬ್ಬರನ್ನು ನಗರದ ಪೊಲೀಸರು ಬಂಧಿಸಿದರು. ಪಾರ್ಟ್‌ಟೈಮ್ ಕೆಲಸದ ಆಮಿಷದ ಮೂಲಕ ಕಚೇರಿಯ ಲ್ಯಾಪ್‌ಟಾಪ್‌ಗೆ ಕುತಂತ್ರಾಂಶ ಸೇರಿತ್ತು ಎಂಬುದು ತನಿಖೆಯ ಜಾಡು. ಕಳುವಾದದ್ದು ಸಂಸ್ಥೆಯ ಸ್ವಂತ ವಹಿವಾಟು ಖಾತೆಯಿಂದ, ನಷ್ಟ ತಾವೇ ಭರಿಸುತ್ತೇವೆ ಎಂದು ಅವರು ಘೋಷಿಸಿದರು. ಒಂದು ವರ್ಷದ ಅಂತರದಲ್ಲಿ ಎರಡು ಭಾರತೀಯ ಎಕ್ಸ್‌ಚೇಂಜ್‌ಗಳಿಗೆ ಕನ್ನ ಬಿತ್ತು. ಒಂದು ಕಡೆ ಗ್ರಾಹಕರಿಗೆ ಬಿಸಿ ತಟ್ಟಲಿಲ್ಲ, ಇನ್ನೊಂದು ಕಡೆ ಖಾತೆಗಳೇ ಮುಚ್ಚಿದವು. ಬೆಂಗಳೂರಿನವರ ಬಳಿ ತುಂಬಿಕೊಡುವಷ್ಟು ಗಂಟಿತ್ತು, ಹೋದದ್ದೂ ಚಿಕ್ಕ ಪಾಲು. ವಜೀರ್‌ಎಕ್ಸ್‌ನಲ್ಲಿ ಹೋದದ್ದು ಒಟ್ಟು ದಾಸ್ತಾನಿನ ಸುಮಾರು ಶೇ 45. ಇಂಥ ಗಂಟು ಇರಲೇಬೇಕು ಎಂಬ ಕಾನೂನು ನಮ್ಮಲ್ಲಿಲ್ಲ. ಇದ್ದವರ ಗ್ರಾಹಕರು ಅದೃಷ್ಟವಂತರು, ಅಷ್ಟೇ.

ವಜೀರ್‌ಎಕ್ಸ್ ಗ್ರಾಹಕರ ಮುಂದಿನ ಪಾಡು ಇನ್ನೂ ಪಾಠ ಕಲಿಸುವಂಥದ್ದು. ಕಳುವಾದದ್ದು ಈಥರ್ ಮತ್ತು ಅದು ಓಡುವ ಈಥೀರಿಯಂ ಜಾಲದ ಇತರ ನಾಣ್ಯಗಳು (ಟೋಕನ್‌ಗಳು). ಆದರೂ ನಷ್ಟವನ್ನು ಎಲ್ಲರ ಮೇಲೂ ಹಂಚಲಾಯಿತು. ಬರೀ ಬಿಟ್‌ಕಾಯಿನ್ ಇಟ್ಟವರೂ ಪಾಲು ಹೊರಬೇಕಾಯಿತು. ಪಕ್ಕದ ಗೋದಾಮಿಗೆ ಬೆಂಕಿ ಬಿದ್ದರೆ ನಮ್ಮ ಮೂಟೆಯಲ್ಲೂ ಕಡಿತ! ವ್ಯವಹಾರ ಭಾರತದ್ದು, ಒಪ್ಪಂದದ ಇನ್ನೊಂದು ಬದಿಯಲ್ಲಿದ್ದದ್ದು ಸಿಂಗಪುರದ ಕಂಪನಿ. ಹಾಗಾಗಿ ಪರಿಹಾರದ ಯೋಜನೆಯೂ ಸಿಂಗಪುರದ ಹೈಕೋರ್ಟಿನಲ್ಲಿ ನಡೆಯಿತು. ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಕೂತು 40 ಸಾವಿರ ರೂಪಾಯಿ ಹಾಕಿದವರು ಸಿಂಗಪುರದ ಪ್ರಮಾಣಪತ್ರಗಳನ್ನು ಓದಬೇಕಾಯಿತು. ವಹಿವಾಟು ಮತ್ತೆ ಆರಂಭವಾಗಿದ್ದು 2025ರ ಅಕ್ಟೋಬರ್ 24ಕ್ಕೆ, 15 ತಿಂಗಳ ಬಳಿಕ. ಹಕ್ಕಿನ ಲೆಕ್ಕ ಕಟ್ಟಿದ್ದು ಕಳುವಾದ ದಿನದ ಬೆಲೆಗೆ. ಅದೇ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್, ಈ ಎಕ್ಸ್‌ಚೇಂಜ್‌ನಲ್ಲಿ ಎಕ್ಸ್‌ಆರ್‌ಪಿ ಎಂಬ ನಾಣ್ಯ ಇಟ್ಟಿದ್ದ ಒಬ್ಬ ಗ್ರಾಹಕರ ಅರ್ಜಿಯಲ್ಲಿ, ಕ್ರಿಪ್ಟೊ ಆಸ್ತಿಯೇ ಹೌದು, ಅದನ್ನು ಇನ್ನೊಬ್ಬರ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದಾದದ್ದು ಎಂದು ಹೇಳಿ ಮಧ್ಯಂತರ ರಕ್ಷಣೆ ಕೊಟ್ಟಿತು. ಇದು ದೊಡ್ಡ ಮಾತು. ಆದರೆ ಒಬ್ಬೊಬ್ಬರೂ ಹೈಕೋರ್ಟ್ ಮೆಟ್ಟಿಲು ಹತ್ತಿ ಪಡೆಯಬೇಕಾದ ರಕ್ಷಣೆ ಸಾಮಾನ್ಯರಿಗೆ ಎಷ್ಟು ದಕ್ಕೀತು?

ಕಳ್ಳರು ಹೊರಗಿನಿಂದಲೇ ಬರಬೇಕೆಂದಿಲ್ಲ. ಕೆನಡಾದ ಕ್ವಾಡ್ರಿಗಾ ಎಕ್ಸ್‌ಚೇಂಜ್‌ನ ಸ್ಥಾಪಕ 2018ರ ಡಿಸೆಂಬರ್‌ನಲ್ಲಿ ಜೈಪುರದಲ್ಲಿ ತೀರಿಕೊಂಡ. ಕೀಲಿಗಳೆಲ್ಲ ಅವನೊಬ್ಬನಿಗೇ ಗೊತ್ತಿದ್ದವು ಎಂದು ಸಂಸ್ಥೆ ಹೇಳಿತು. ತನಿಖೆ ಮಾಡಿ ನೋಡಿದರೆ ಆ ವ್ಯಾಲೆಟ್‌ಗಳು ಅವನು ಸಾಯುವ ತಿಂಗಳುಗಳ ಮೊದಲೇ ಬರಿದಾಗಿದ್ದವು. ಸುಳ್ಳು ಖಾತೆ ತೆರೆದು, ಇಲ್ಲದ ಹಣವನ್ನು ಇದೆಯೆಂದು ಬರೆದುಕೊಂಡು ಗ್ರಾಹಕರೊಡನೆಯೇ ವ್ಯಾಪಾರ ಮಾಡಿದ್ದ. ಸುಮಾರು 76 ಸಾವಿರ ಗ್ರಾಹಕರಿಗೆ ಬಾಕಿ ಉಳಿಯಿತು. 2022ರ ನವೆಂಬರ್‌ನಲ್ಲಿ ಮುಳುಗಿದ ಎಫ್‌ಟಿಎಕ್ಸ್ ಎಂಬ ಎಕ್ಸ್‌ಚೇಂಜ್ ಗ್ರಾಹಕರ ಹಣವನ್ನು ಮಾಲೀಕನದ್ದೇ ಇನ್ನೊಂದು ಕಂಪನಿಯ ಜೂಜಿಗೆ ಸುರಿದಿತ್ತು. ಮಾಲೀಕನಿಗೆ 25 ವರ್ಷ ಜೈಲಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲದವನ ಪಾಸ್‌ವರ್ಡ್ ಎಷ್ಟು ಉದ್ದವಿದ್ದರೇನು.

ಇದೇ ಎಫ್‌ಟಿಎಕ್ಸ್ ಕಥೆಯಲ್ಲಿ ನಮ್ಮವರು ಗಮನಿಸದ ಒಂದು ತುಣುಕಿದೆ. ಅದರ ಜಪಾನ್ ಶಾಖೆಯ ಗ್ರಾಹಕರು 2023ರ ಫೆಬ್ರುವರಿಯಲ್ಲೇ, ತಾಯಿ ಕಂಪನಿ ಮುಳುಗಿ ಮೂರೇ ತಿಂಗಳಲ್ಲಿ, ತಮ್ಮ ಹಣ ಹಿಂದಕ್ಕೆ ಪಡೆಯತೊಡಗಿದರು. ಬೇರೆ ದೇಶಗಳ ಗ್ರಾಹಕರು ಆಗಿನ್ನೂ ದಿವಾಳಿ ನ್ಯಾಯಾಲಯದ ಮುಂದೆ ಸಾಲುಗಟ್ಟಿದ್ದರು. ತಾಯಿ ಕಂಪನಿ ಅದೇ, ಮೋಸ ಮಾಡಿದವನೂ ಅವನೇ. ಬೇರೆಯಾಗಿದ್ದದ್ದು ಜಪಾನಿನ ಕಾನೂನು. ಗ್ರಾಹಕರ ಆಸ್ತಿಯನ್ನು ಕಂಪನಿಯ ಆಸ್ತಿಯಿಂದ ಬೇರ್ಪಡಿಸಿ ಇಡಲೇಬೇಕು, ಶೇ 95ರಷ್ಟನ್ನು ಇಂಟರ್ನೆಟ್ ಸಂಪರ್ಕವಿಲ್ಲದ ಕೋಲ್ಡ್ ವ್ಯಾಲೆಟ್‌ನಲ್ಲೇ ಇಡಬೇಕು ಎಂದು ಅಲ್ಲಿ ನಿಯಮವಿದೆ. ಜಪಾನೀಯರು ಇದನ್ನು ಪುಕ್ಕಟೆ ಕಲಿಯಲಿಲ್ಲ. 2014ರಲ್ಲಿ ಟೋಕಿಯೊದ ಮೌಂಟ್ ಗಾಕ್ಸ್ 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿವೆ ಎಂದು ಹೇಳಿ ಮುಚ್ಚಿತು. ಆಮೇಲೆ ಹಳೆಯ ವ್ಯಾಲೆಟ್ಟೊಂದರಲ್ಲಿ 2 ಲಕ್ಷ ಸಿಕ್ಕವು, ನಾಣ್ಯಗಳನ್ನು ಗ್ರಾಹಕರಿಗೆ ಮರಳಿಸುವ ಕೆಲಸ ಆರಂಭವಾಗಿದ್ದು 2024ರ ಜುಲೈನಲ್ಲಿ. 2018ರಲ್ಲಿ ಕಾಯಿನ್‌ಚೆಕ್ ಎಂಬ ಇನ್ನೊಂದು ಎಕ್ಸ್‌ಚೇಂಜ್‌ಗೆ ಕನ್ನ ಬಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ನಿಜ, ಆದರೆ ಹಾಕಿದರು. ನಾವು ಕೊಳ್ಳೆ ಹೋದ ಮೇಲೂ ಬಾಗಿಲಿಗೆ ಬಣ್ಣ ಯಾವುದಿರಬೇಕು ಎಂಬ ಚರ್ಚೆಯಲ್ಲಿದ್ದೇವೆ.

ನಮ್ಮಲ್ಲಿ ಇರುವುದು ತೆರಿಗೆ ಕಾನೂನು ಮತ್ತು ಹಣ ಅಕ್ರಮ ವರ್ಗಾವಣೆ ತಡೆಯ ಕಾನೂನು. ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ 2018ರ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದು ಮಾಡಿತು. 2022ರಿಂದ ಲಾಭದ ಮೇಲೆ ಶೇ 30 ತೆರಿಗೆ, ಮಾರಾಟದ ಮೇಲೆ ಶೇ 1 ಟಿಡಿಎಸ್ ಬಂತು. 2023ರ ಮಾರ್ಚ್ 7ರ ಅಧಿಸೂಚನೆಯ ನಂತರ ಎಕ್ಸ್‌ಚೇಂಜ್‌ಗಳು ಹಣಕಾಸು ಗುಪ್ತಚರ ಘಟಕ, ಅಂದರೆ ಎಫ್‌ಐಯುನಲ್ಲಿ ನೋಂದಾಯಿಸಬೇಕು. ಜಾಹೀರಾತುಗಳಲ್ಲಿ ‘ಎಫ್‌ಐಯು ನೋಂದಾಯಿತ’ ಎಂಬುದು ಐಎಸ್‌ಐ ಗುರುತಿನಂತೆ ಮಿಂಚುತ್ತಿದೆ. ಎಫ್‌ಐಯು ನೋಡುವುದು ಕಪ್ಪುಹಣ ಸಾಗುತ್ತಿದೆಯೇ, ಕೆವೈಸಿ ಸರಿಯಿದೆಯೇ, ಅನುಮಾನದ ವಹಿವಾಟನ್ನು ವರದಿ ಮಾಡಿದ್ದಾರೆಯೇ ಎಂಬುದನ್ನು. ನಿಮ್ಮ ನಾಣ್ಯ ಗೋದಾಮಿನಲ್ಲಿದೆಯೇ ಎಂದು ಎಣಿಸುವುದು ಅದರ ಕೆಲಸವಲ್ಲ. ಬ್ಯಾಂಕ್ ಠೇವಣಿಗಿರುವ 5 ಲಕ್ಷ ರೂಪಾಯಿಯ ವಿಮೆಯೂ ಇಲ್ಲಿಲ್ಲ. ನೋಂದಣಿಯೇ ಇಲ್ಲದವರ ಹತ್ತಿರ ಹೋಗಬಾರದು ಎನ್ನುವುದಕ್ಕೆ ಈ ಪಟ್ಟಿ ಸಾಕು. 2023ರ ಡಿಸೆಂಬರ್‌ನಲ್ಲಿ ಬೈನಾನ್ಸ್ ಸೇರಿ ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ನೋಟಿಸ್ ಹೋಗಿ, ಕೆಲವೇ ದಿನಗಳಲ್ಲಿ ಅವುಗಳ ಜಾಲತಾಣ ಇಲ್ಲಿ ತೆರೆಯದಂತಾಗಿದ್ದು ನೆನಪಿರಲಿ. ಬೈನಾನ್ಸ್ ಆಮೇಲೆ 18.82 ಕೋಟಿ ರೂಪಾಯಿ ದಂಡ ತೆತ್ತಿತು.

‘ಪ್ರೂಫ್ ಆಫ್ ರಿಸರ್ವ್ಸ್’ ಎಂಬ ಇನ್ನೊಂದು ಮುದ್ರೆ ಬಂದಿದೆ. ಗೋದಾಮಿನ ಬಾಗಿಲು ತೆರೆದು ರಾಶಿ ತೋರಿಸುವುದು ಅದರ ಸಾರ. ರಾಶಿ ತೋರಿಸಿದರೆ ಸಾಲದು, ಒಟ್ಟು ಎಷ್ಟು ಚೀಟಿ ಬರೆದುಕೊಟ್ಟಿದ್ದೀರಿ ಎಂಬುದೂ ಬೇಕು. ತೋರಿಸುವ ದಿನಕ್ಕೆಂದು ಪಕ್ಕದ ಮಂಡಿಯಿಂದ ಮೂಟೆ ಸಾಲ ತಂದಿಲ್ಲ ಎಂಬ ಖಾತರಿಯೂ ಬೇಕು. ವರದಿಯಲ್ಲಿ ಗ್ರಾಹಕರಿಗೆ ಕೊಡಬೇಕಾದ ಮೊತ್ತ, ಲೆಕ್ಕ ಪರಿಶೀಲಿಸಿದವರ ಹೆಸರು, ವ್ಯಾಲೆಟ್ ವಿಳಾಸಗಳು ಮತ್ತು ದಿನಾಂಕ ಇಲ್ಲದಿದ್ದರೆ ಅದನ್ನು ಜಾಹೀರಾತಿನ ಲೆಕ್ಕಕ್ಕೆ ಹಾಕಿ. ದಿನಾಂಕ ಆರು ತಿಂಗಳು ಹಳೆಯದಾದರೂ ಹಾಗೆಯೇ.

ಕಾನೂನು ಬರುವವರೆಗೆ ಗ್ರಾಹಕರು ತಾವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಸಣ್ಣ ಮೊತ್ತ ಹಾಕಿ, ನಾಣ್ಯ ಕೊಂಡು, ಅದನ್ನು ನಿಮ್ಮದೇ ಹೊರಗಿನ ವ್ಯಾಲೆಟ್‌ಗೆ ಕಳಿಸಿ ನೋಡಿ. ರೂಪಾಯಿಯಾಗಿ ಮಾತ್ರ ವಾಪಸ್ ಕೊಡುವ, ನಾಣ್ಯ ಹೊರಗೆ ಬಿಡದ ವೇದಿಕೆಗಳು ನಮ್ಮಲ್ಲಿವೆ. ಅಲ್ಲಿ ನೀವು ಕೊಂಡದ್ದು ಬೆಲೆಯ ಏರಿಳಿತವನ್ನು, ಬಿಟ್‌ಕಾಯಿನ್ ಅನ್ನಲ್ಲ. ಜೊತೆಗೆ ಬಳಕೆಯ ಷರತ್ತುಗಳಲ್ಲಿ ಮೂರು ಸಾಲು ಹುಡುಕಿ: ಒಪ್ಪಂದ ಯಾವ ಕಂಪನಿಯ ಜೊತೆ, ವ್ಯಾಜ್ಯ ಯಾವ ದೇಶದ ನ್ಯಾಯಾಲಯಕ್ಕೆ ಹೋಗುತ್ತದೆ, ಸಂಸ್ಥೆ ಮುಳುಗಿದರೆ ನಾಣ್ಯ ನಿಮ್ಮದೋ ಸಂಸ್ಥೆಗೆ ಸಾಲ ಕೊಟ್ಟವರದೋ. ಮಾರಿದಾಗ ಕಡಿತವಾದ ಟಿಡಿಎಸ್ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿರುವ ನಿಮ್ಮ ತೆರಿಗೆ ಕಡಿತದ ವಿವರದಲ್ಲಿ ಬಂದಿದೆಯೇ ಎಂದೂ ನೋಡಿ. ತ್ರೈಮಾಸಿಕ ಕಳೆದರೂ ಬರದಿದ್ದರೆ ಸಂಸ್ಥೆಗೆ ಬರೆದು ಕೇಳಿ. ಸರ್ಕಾರಕ್ಕೆ ಕಟ್ಟಬೇಕಾದ ಶೇ 1ರಲ್ಲೇ ಎಡವಟ್ಟು ಮಾಡುವವರ ಬಳಿ ಮಿಕ್ಕ ಶೇ 99 ಇಡುವುದು ಹೇಗೆ?

ಇನ್ನು ಬೀಗದ ವಿಷಯ. ಎಕ್ಸ್‌ಚೇಂಜ್ ಪಾಸ್‌ವರ್ಡಿಗಿಂತ ಮೊದಲು ಇಮೇಲ್ ಭದ್ರವಾಗಬೇಕು, ಏಕೆಂದರೆ ಪಾಸ್‌ವರ್ಡ್ ಮರೆತೆ ಎಂದು ಒತ್ತಿದರೆ ಹೊಸ ಕೀಲಿ ಹೋಗುವುದು ಅಲ್ಲಿಗೇ. ಎಕ್ಸ್‌ಚೇಂಜ್‌ಗೆಂದೇ ಬೇರೆ ಇಮೇಲ್ ಇಟ್ಟು, ಅದನ್ನು ಮದುವೆ ಮನೆಯ ಪಟ್ಟಿಯಿಂದ ಹಿಡಿದು ಮಾಲ್‌ನ ಲಕ್ಕಿ ಡ್ರಾವರೆಗೆ ಎಲ್ಲೂ ಬರೆಯಬೇಡಿ. ಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎಂಬ ಎರಡು ಜಾಗ ಆಗಾಗ ನೋಡಿ. ಒಳಹೊಕ್ಕ ಕಳ್ಳರು ಮೊದಲು ಮಾಡುವ ಕೆಲಸ ಎಕ್ಸ್‌ಚೇಂಜ್‌ನ ಎಚ್ಚರಿಕೆ ಮೇಲ್‌ಗಳು ನೇರ ಕಸದ ಬುಟ್ಟಿಗೆ ಬೀಳುವಂತೆ ಫಿಲ್ಟರ್ ಹಾಕುವುದು.

ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ಇದ್ದುದರಲ್ಲಿ ಬಡಪಾಯಿ ಬೀಗ. ನಕಲಿ ಸಿಮ್ ತೆಗೆಸಿದರೆ ಅದು ಕಳ್ಳರ ಫೋನಿಗೆ ಬರುತ್ತದೆ. ಈಗ ಸಿಮ್ಮೂ ಬೇಕಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ‘ಮದುವೆಯ ಕರೆಯೋಲೆ’, ‘ಆರ್‌ಟಿಒ ಚಲನ್’ ಎಂಬ ಹೆಸರಿನ ಎಪಿಕೆ ಕಡತ, ಅಂದರೆ ಫೋನಿಗೆ ಆ್ಯಪ್ ಹಾಕುವ ಕಡತ ಬರುತ್ತದೆ, ತೆರೆದು ಅನುಮತಿ ಕೊಟ್ಟರೆ ಅದು ಫೋನಿಗೆ ಬರುವ ಎಸ್‌ಎಂಎಸ್‌ಗಳನ್ನು ಅತ್ತ ರವಾನಿಸುತ್ತದೆ. ಒಟಿಪಿ ಯಾರಿಗೂ ಹೇಳಬೇಡಿ ಎಂಬ ಚೌಕಟ್ಟು ಇಲ್ಲಿ ಏನೂ ಮಾಡದು, ನೀವು ಹೇಳುವ ಪ್ರಮೇಯವೇ ಬರುವುದಿಲ್ಲ. ಅಥೆಂಟಿಕೇಟರ್ ಆ್ಯಪ್‌ನ ಆರಂಕಿ ಕೋಡ್ ಇದಕ್ಕಿಂತ ಮೇಲು. ಅದು ಫೋನಿನಲ್ಲೇ ಹುಟ್ಟಿ 30 ಸೆಕೆಂಡಿಗೆ ಬದಲಾಗುತ್ತದೆ. ಹೊಂದಿಸುವಾಗ ಕ್ಯೂಆರ್ ಜೊತೆ ಕಾಣುವ ಅಕ್ಷರಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ. ಸ್ಕ್ರೀನ್‌ಶಾಟ್ ತೆಗೆದರೆ ಅದು ಗ್ಯಾಲರಿಗೆ, ಅಲ್ಲಿಂದ ಕ್ಲೌಡ್‌ಗೆ ಹೋಗಿ ಕೂರುತ್ತದೆ. ಬರೆದಿಡದೆ ಫೋನ್ ಕಳೆದರೆ ಎಕ್ಸ್‌ಚೇಂಜ್‌ನವರಿಗೆ ಗುರುತಿನ ಚೀಟಿ ಹಿಡಿದ ಸೆಲ್ಫಿ ಕಳಿಸಿ ದಿನಗಟ್ಟಲೆ ಕಾಯಬೇಕು. ಕೋಡ್ ಪದೇಪದೇ ತಪ್ಪೆಂದು ಬಂದರೆ ಫೋನಿನ ಗಡಿಯಾರ ನೋಡಿ, ಸಮಯ ಸ್ವಯಂಚಾಲಿತಕ್ಕೆ ಇಡದಿದ್ದರೆ ಹೀಗಾಗುತ್ತದೆ. ಗೂಗಲ್ ಅಥೆಂಟಿಕೇಟರ್ 2023ರಿಂದ ಕೋಡ್‌ಗಳನ್ನು ಗೂಗಲ್ ಖಾತೆಯಲ್ಲೂ ಉಳಿಸಬಲ್ಲದು. ಎಕ್ಸ್‌ಚೇಂಜ್ ಇಮೇಲ್ಲೂ ಅದೇ ಖಾತೆಯಾಗಿದ್ದರೆ ಎರಡು ಬೀಗಕ್ಕೆ ಒಂದೇ ಕೀಲಿಕೈ ಆಯಿತು.

ನಕಲಿ ಜಾಲತಾಣ ಆರಂಕಿ ಕೋಡನ್ನೂ ಕೇಳಿ ಪಡೆದು ಆ ಕ್ಷಣವೇ ಅಸಲಿ ತಾಣದಲ್ಲಿ ಬಳಸಬಲ್ಲದು. ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ತೆರೆಯುವ ಕೀಲಿ) ಮತ್ತು ಯುಎಸ್‌ಬಿ ಭದ್ರತಾ ಕೀಲಿಗಳಲ್ಲಿ ಈ ತೊಂದರೆಯಿಲ್ಲ. ಅವು ಜಾಲತಾಣದ ವಿಳಾಸಕ್ಕೇ ಕಟ್ಟಿಕೊಂಡಿರುತ್ತವೆ, ಒಂದಕ್ಷರ ಬೇರೆಯಿದ್ದರೂ ಬಾಯಿ ಬಿಡುವುದಿಲ್ಲ. ಎಕ್ಸ್‌ಚೇಂಜ್ ಈ ಸೌಲಭ್ಯ ಕೊಟ್ಟಿದ್ದರೆ ಅದನ್ನೇ ಹಾಕಿ, ಎಸ್‌ಎಂಎಸ್ ಅನ್ನು ಪರ್ಯಾಯವಾಗಿಯೂ ಉಳಿಸಬೇಡಿ. ಮುಂಬಾಗಿಲು ಭದ್ರ ಮಾಡಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾಗುತ್ತದೆ.

ಒಂದೇ ಒಂದು ಸೆಟ್ಟಿಂಗ್ ಬದಲಿಸಲು ಪುರುಸೊತ್ತಿದೆ ಎನ್ನುವವರು ಹಣ ಹೊರಹೋಗುವ ವಿಳಾಸಗಳ ಪಟ್ಟಿ, ಅಂದರೆ ವಿತ್‌ಡ್ರಾವಲ್ ವೈಟ್‌ಲಿಸ್ಟ್ ಚಾಲೂ ಮಾಡಲಿ. ಪಟ್ಟಿಯಲ್ಲಿರುವ ವಿಳಾಸಕ್ಕೆ ಮಾತ್ರ ನಾಣ್ಯ ಹೋಗುತ್ತದೆ, ಹೊಸ ವಿಳಾಸ ಸೇರಿಸಿದರೆ ಸಾಮಾನ್ಯವಾಗಿ 24 ಗಂಟೆ ತಡೆ ಇರುತ್ತದೆ. ಕಳ್ಳರು ಒಳಗೆ ಬಂದರೂ ಒಂದು ದಿನ ಕಾಯಬೇಕು, ಆ ಹೊತ್ತಿನಲ್ಲಿ ನಿಮಗೆ ಮೇಲ್ ಬಂದಿರುತ್ತದೆ. ಪಾಸ್‌ವರ್ಡ್, ಒಟಿಪಿ ಎರಡನ್ನೂ ದಾಟಿ ಬರುವ ಕಳ್ಳತನಕ್ಕೂ ಇದು ಅಡ್ಡಿಯಾಗುತ್ತದೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಅಥವಾ ಪುಕ್ಕಟೆ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿಕೊಂಡರೆ, ಈಗಾಗಲೇ ಲಾಗಿನ್ ಆಗಿರುವ ಸೆಷನ್ನನ್ನೇ ಅದು ಎತ್ತಿಕೊಂಡು ಹೋಗುತ್ತದೆ. ಆಗ ಕಳ್ಳರಿಗೆ ಯಾರೂ ಒಟಿಪಿ ಕೇಳುವುದೇ ಇಲ್ಲ. ತೆರಿಗೆ ಲೆಕ್ಕದ ತಂತ್ರಾಂಶಕ್ಕೆಂದು ಎಪಿಐ ಕೀಲಿ, ಅಂದರೆ ಬೇರೆ ತಂತ್ರಾಂಶವನ್ನು ಖಾತೆಯೊಳಗೆ ಬಿಡುವ ಕೀಲಿ ಕೊಡುವವರು ‘ಓದಲು ಮಾತ್ರ’ ಎಂಬ ಅನುಮತಿ ಸಾಕೆಂದು ತಿಳಿಯಲಿ. ಮಾರುವ, ಹೊರಗೆ ಕಳಿಸುವ ಅನುಮತಿಯ ಗುರುತು ತೆಗೆದಿರಬೇಕು.

ಕಳಿಸುವಾಗ ಆಗುವ ತಪ್ಪುಗಳಿಗೆ ಕಳ್ಳರೇ ಬೇಕಿಲ್ಲ. ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಎಂಬ ನಾಣ್ಯ ಹಲವು ಬ್ಲಾಕ್‌ಚೈನ್ ಜಾಲಗಳಲ್ಲಿ ಓಡುತ್ತದೆ. ಟ್ರಾನ್ ಜಾಲದ ವಿಳಾಸ ಇಂಗ್ಲಿಷಿನ ಟಿ ಅಕ್ಷರದಿಂದ ಶುರುವಾಗುತ್ತದೆ, ಅದನ್ನು ಗುರುತಿಸಬಹುದು. ಈಥೀರಿಯಂ ಮತ್ತು ಬಿಎನ್‌ಬಿ ಜಾಲದ ವಿಳಾಸಗಳೆರಡೂ ಸೊನ್ನೆ-ಎಕ್ಸ್‌ನಿಂದಲೇ ಶುರುವಾಗಿ ಒಂದೇ ಥರ ಕಾಣುತ್ತವೆ, ಎಡವುವುದು ಅಲ್ಲೇ. ಎಕ್ಸ್‌ಆರ್‌ಪಿಯನ್ನು ಎಕ್ಸ್‌ಚೇಂಜ್‌ಗೆ ಕಳಿಸುವಾಗ ವಿಳಾಸದ ಜೊತೆ ಟ್ಯಾಗ್ ಸಂಖ್ಯೆಯೂ ಬೇಕು, ಬಿಟ್ಟರೆ ನಾಣ್ಯ ರಾಶಿಗೆ ಸೇರುತ್ತದೆ, ನಿಮ್ಮ ಹೆಸರಿಗೆ ಜಮೆ ಆಗುವುದಿಲ್ಲ. ಹಳೆಯ ವಹಿವಾಟಿನ ಪಟ್ಟಿಯಿಂದ ವಿಳಾಸ ನಕಲು ಮಾಡುವ ಅಭ್ಯಾಸ ಬಿಡಬೇಕು. ಮೊದಲ ಮತ್ತು ಕೊನೆಯ ನಾಲ್ಕಾರು ಅಕ್ಷರ ಹೋಲುವ ವಿಳಾಸ ಸೃಷ್ಟಿಸಿ, ಅದರಿಂದ ಚಿಲ್ಲರೆ ಕಳಿಸಿ ನಿಮ್ಮ ಪಟ್ಟಿಯಲ್ಲಿ ಕೂರಿಸುವ ಜನರಿದ್ದಾರೆ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆ ಸುಮಾರು 6.8 ಕೋಟಿ ಡಾಲರನ್ನು ತಪ್ಪು ವಿಳಾಸಕ್ಕೆ ಕಳಿಸಿದರು. ಅವರ ಪುಣ್ಯ, ಬಹುಪಾಲು ವಾಪಸ್ ಬಂತು. ನಡುವಿನ ಅಕ್ಷರಗಳನ್ನೂ ಓದಿ, ಮೊದಲು ಸಣ್ಣ ಮೊತ್ತ ಕಳಿಸಿ, ಅದು ಸೇರಿದ ಮೇಲೆ ಮಿಕ್ಕದ್ದು.

ಗ್ರಾಹಕ ಸೇವೆಯ ಹೆಸರಲ್ಲಿ ಬರುವ ಕರೆಗಳ ಬಗ್ಗೆ ಒಂದು ಮಾತು. ನಮ್ಮ ಹೆಸರು, ವಿಳಾಸ, ಬ್ಯಾಲೆನ್ಸ್ ಎಲ್ಲ ಹೇಳಿದರಲ್ಲ, ಅಂದಮೇಲೆ ಕಂಪನಿಯವರೇ ಇರಬೇಕು ಎಂಬ ತರ್ಕ ಈಗ ನಡೆಯುವುದಿಲ್ಲ. ಅಮೆರಿಕದ ಕಾಯಿನ್‌ಬೇಸ್ 2025ರ ಮೇನಲ್ಲಿ ಬಯಲು ಮಾಡಿದ ಪ್ರಕರಣದಲ್ಲಿ, ಹೊರದೇಶದ ಗ್ರಾಹಕ ಸೇವಾ ಸಿಬ್ಬಂದಿಗೆ ಲಂಚ ಕೊಟ್ಟು 69 ಸಾವಿರಕ್ಕೂ ಹೆಚ್ಚು ಗ್ರಾಹಕರ ವಿವರ ತೆಗೆಯಲಾಗಿತ್ತು. ನಿಮ್ಮ ವಿವರ ಗೊತ್ತಿರುವುದು ಕಳ್ಳರ ಬಂಡವಾಳ. ಗೂಗಲ್‌ನಲ್ಲಿ ಹುಡುಕಿದ ಸಂಖ್ಯೆಗೂ, ಟೆಲಿಗ್ರಾಂನ ‘ಅಡ್ಮಿನ್’ಗೂ, ದೂರದಿಂದಲೇ ನಿಮ್ಮ ಫೋನ್ ನಡೆಸಬಲ್ಲ ಎನಿಡೆಸ್ಕ್ ಆ್ಯಪ್ ಹಾಕಿಸಿಕೊಳ್ಳಿ ಎನ್ನುವವರಿಗೂ ಉತ್ತರಿಸಬೇಡಿ. ಆ್ಯಪ್ ಒಳಗಿನ ದೂರಿನ ಟಿಕೆಟ್ ಒಂದೇ ದಾರಿ.

ಎಕ್ಸ್‌ಚೇಂಜೇ ನಕಲಿಯಾಗಿದ್ದರೆ ಮೇಲಿನ ಯಾವ ಬೀಗವೂ ಲೆಕ್ಕಕ್ಕಿಲ್ಲ. ನಮ್ಮ ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗಳ ದೂರುಗಳಲ್ಲಿ ಕಾಣುವ ಮಾದರಿ ಒಂದೇ. ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪು, ಸ್ಟೋರ್‌ನಲ್ಲಿಲ್ಲದ ಆ್ಯಪ್, ಪರದೆಯ ಮೇಲೆ ದಿನದಿನ ಉಬ್ಬುವ ಲಾಭ. ಮೊದಲ ಸಲ ಎರಡು ಮೂರು ಸಾವಿರ ಹಿಂದಕ್ಕೆ ಕೊಟ್ಟು ನಂಬಿಸುತ್ತಾರೆ. ದೊಡ್ಡ ಮೊತ್ತ ಕೇಳಿದಾಗ, ಭಾರತ ಸರ್ಕಾರದ ಶೇ 30 ತೆರಿಗೆಯನ್ನು ಮೊದಲು ಕಟ್ಟಿ, ಆಮೇಲೆ ಬಿಡುಗಡೆ ಎನ್ನುತ್ತಾರೆ. ಕಾನೂನಿನಲ್ಲಿ ಶೇ 30 ಇರುವುದು ನಿಜವಾದ್ದರಿಂದ ಓದಿದವರೂ ಇದಕ್ಕೆ ಬೀಳುತ್ತಾರೆ. ಆ ತೆರಿಗೆಯನ್ನು ನೀವು ರಿಟರ್ನ್ ಸಲ್ಲಿಸುವಾಗ ಅಥವಾ ಮುಂಗಡ ತೆರಿಗೆಯಾಗಿ ಆದಾಯ ತೆರಿಗೆ ಇಲಾಖೆಗೆ ನೇರ ಕಟ್ಟುತ್ತೀರಿ. ಎಕ್ಸ್‌ಚೇಂಜ್ ಹಿಡಿಯುವುದು ಶೇ 1 ಮಾತ್ರ, ಅದೂ ಮಾರಿದ ಹಣದಿಂದಲೇ. ಹಣ ಹಿಂಪಡೆಯಲು ಹೊಸದಾಗಿ ಹಣ ಹಾಕಬೇಕು ಎಂದ ಕ್ಷಣ ಅದು ಮೋಸ, ಬೇರೆ ಪುರಾವೆ ಬೇಡ. ಇನ್ನೊಂದು ಗುರುತು: ರೂಪಾಯಿ ಹಾಕಲು ಕೊಡುವ ಖಾತೆ ವ್ಯಕ್ತಿಯೊಬ್ಬರ ಹೆಸರಿನಲ್ಲೋ, ಸಂಬಂಧವಿಲ್ಲದ ಎಂಟರ್‌ಪ್ರೈಸಸ್, ಟ್ರೇಡರ್ಸ್ ಹೆಸರಿನಲ್ಲೋ ಇದ್ದು ದಿನಕ್ಕೊಂದು ಬದಲಾಗುತ್ತಿರುತ್ತದೆ.

ಪಿ2ಪಿ ಮಾರಾಟ, ಅಂದರೆ ಗ್ರಾಹಕರೇ ಪರಸ್ಪರ ಯುಪಿಐನಲ್ಲಿ ಹಣ ಕೊಟ್ಟು ನಾಣ್ಯ ಕೊಳ್ಳುವ ಪದ್ಧತಿ ಎರಡು ರೂಪಾಯಿ ಹೆಚ್ಚು ಬೆಲೆ ತರಬಹುದು. ಆದರೆ ನಿಮ್ಮ ಖಾತೆಗೆ ಬಂದ ರೂಪಾಯಿ ಇನ್ನಾರೋ ವಂಚನೆಗೊಳಗಾಗಿ ಕಳಿಸಿದ್ದಾಗಿರಬಹುದು. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ಹಣ ಹರಿದ ದಾರಿಯುದ್ದಕ್ಕೂ ಖಾತೆಗಳು ಫ್ರೀಜ್ ಆಗುತ್ತವೆ, ಸಂಬಳದ ಖಾತೆಯೂ ಬಿಡುವುದಿಲ್ಲ. ಖಾತೆ ತಡೆಯಲು ಬ್ಯಾಂಕಿಗೆ ಪತ್ರ ಬರೆದ ಠಾಣೆ ಯಾವ ರಾಜ್ಯದಲ್ಲಿದೆಯೋ ಅಲ್ಲಿಗೆ ಅಲೆಯಬೇಕು. ಮಾಡಲೇಬೇಕೆಂದಿದ್ದರೆ ಹಣ ಕಳಿಸಿದ ಖಾತೆಯ ಹೆಸರೂ ಎಕ್ಸ್‌ಚೇಂಜ್ ತೋರಿಸುವ ಕೊಳ್ಳುವವರ ಹೆಸರೂ ಒಂದೇ ಇರಬೇಕು. ‘ನಮ್ಮ ಭಾವನ ಖಾತೆಯಿಂದ ಹಾಕಿದ್ದೇನೆ’ ಎಂದರೆ ನಾಣ್ಯ ಬಿಡಬೇಡಿ.

ಕಳುವಾದದ್ದು ಗೊತ್ತಾದ ಕೂಡಲೇ ಬೇರೆ ಸಾಧನದಿಂದ ಎಕ್ಸ್‌ಚೇಂಜ್ ಖಾತೆಯನ್ನು ಸ್ಥಗಿತಗೊಳಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ಎಪಿಐ ಕೀಲಿ ಅಳಿಸಿ, ಇಮೇಲ್ ಪಾಸ್‌ವರ್ಡ್ ಬದಲಿಸಿ. ವಹಿವಾಟಿನ ಐಡಿ, ಹೋದ ವಿಳಾಸ, ಜಾಲದ ಹೆಸರು, ಸಮಯ ಇವು ನಾಲ್ಕನ್ನೂ ಬರೆದುಕೊಂಡು 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆ ಹಿಡಿದು ಜಿಲ್ಲೆಯ ಸೆನ್ ಠಾಣೆಗೆ ಹೋಗಿ. ವಹಿವಾಟು ಹಿಂತಿರುಗಿಸಲು ಬ್ಲಾಕ್‌ಚೈನ್‌ನಲ್ಲಿ ದಾರಿಯಿಲ್ಲ. ಆದರೆ ಕದ್ದ ನಾಣ್ಯ ಇನ್ನೊಂದು ಎಕ್ಸ್‌ಚೇಂಜ್ ಮುಟ್ಟಿದರೆ ಪೊಲೀಸರ ಕೋರಿಕೆಯ ಮೇಲೆ ಅಲ್ಲಿ ತಡೆಯಬಹುದು. ಯುಎಸ್‌ಡಿಟಿಯಾದರೆ ಅದನ್ನು ಹೊರಡಿಸುವ ಟೆಥರ್ ಕಂಪನಿಗೆ ವಿಳಾಸವನ್ನೇ ಸ್ತಬ್ಧಗೊಳಿಸುವ ಅಧಿಕಾರವಿದೆ. ಗಂಟೆಗಳು ಮುಖ್ಯ. ಕಳೆದದ್ದನ್ನು ಹುಡುಕಿಕೊಡುತ್ತೇವೆ ಎಂದು ಮುಂಗಡ ಕೇಳಿ ಬರುವವರು ಎರಡನೇ ಸುತ್ತಿನ ಕಳ್ಳರು.

ಹಾಗಾದರೆ ಎಲ್ಲವನ್ನೂ ಸ್ವಂತ ವ್ಯಾಲೆಟ್‌ನಲ್ಲೇ ಇಡಬೇಕೇ ಎಂದು ಕೇಳುವವರಿಗೆ: ದೊಡ್ಡ ಮೊತ್ತ, ಬಹುದಿನ ಇಡುವುದಾದರೆ ಹೌದು. ಆಗ ವ್ಯಾಲೆಟ್ ತೆರೆಯುವ ಕೀಲಿಯಾದ 12 ಅಥವಾ 24 ಪದಗಳ ಒಂದು ಸಾಲೇ ಇಡೀ ಆಸ್ತಿ. ಅದನ್ನು ಕಳೆದರೆ ದೂರು ಕೊಡಲು ಯಾರೂ ಇಲ್ಲ, ಯಾರಿಗೂ ತಿಳಿಸದೆ ತೀರಿಕೊಂಡರೆ ಮನೆಯವರಿಗೂ ದಕ್ಕುವುದಿಲ್ಲ. ಆ ಜವಾಬ್ದಾರಿ ಎಲ್ಲರಿಗೂ ಹೊಂದುವಂಥದ್ದಲ್ಲ ಎಂಬುದನ್ನು ಒಪ್ಪುತ್ತೇನೆ. ಹೊಂದದವರು ಎಕ್ಸ್‌ಚೇಂಜ್‌ನಲ್ಲಿ ಹೋದರೂ ಸಂಸಾರ ಅಲ್ಲಾಡದಷ್ಟು ಮಾತ್ರ ಇಡಲಿ. ಪ್ರತಿ ತಿಂಗಳು ಖಾತೆಯ ಪೂರ್ಣ ವಿವರ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಲಿ. ಆ್ಯಪ್ ಮುಚ್ಚಿದ ದಿನ ನಿಮ್ಮ ಹಕ್ಕಿಗೆ ಸಾಕ್ಷಿ ಅದೊಂದೇ.

ಕೇಂದ್ರ ಸರ್ಕಾರದಿಂದ ನಿರೀಕ್ಷಿಸುವುದು ಹೆಚ್ಚೇನಲ್ಲ. ಗ್ರಾಹಕರ ನಾಣ್ಯ ಬೇರೆಯೇ ಇರಬೇಕು ಎಂಬ ನಿಯಮ, ಸ್ವತಂತ್ರ ಲೆಕ್ಕಪರಿಶೋಧನೆ, ಭಾರತದ ಗ್ರಾಹಕರ ವ್ಯಾಜ್ಯ ಭಾರತದಲ್ಲೇ ನಡೆಯಬೇಕು ಎಂಬ ಷರತ್ತು. ಪತ್ರಿಕೆಗಳಿಂದ ಕೇಳುವುದು ಇನ್ನೂ ಕಡಿಮೆ. ಎಕ್ಸ್‌ಚೇಂಜ್‌ನ ಜಾಹೀರಾತು ಹಾಕುವ ಪುಟದಲ್ಲಿ, ನಷ್ಟವಾದರೆ ನಿಯಂತ್ರಕರ ಬಳಿ ಪರಿಹಾರ ಸಿಗದೆ ಹೋಗಬಹುದು ಎಂಬ ಕಡ್ಡಾಯ ಎಚ್ಚರಿಕೆಯನ್ನು ಭೂತಗನ್ನಡಿ ಬೇಡದ ಅಕ್ಷರದಲ್ಲಿ ಅಚ್ಚು ಮಾಡಿ. ಮುಂದಿನ ಸಲ ಚೌಕಟ್ಟು ಹಾಕುವಾಗ ಒಟಿಪಿಯ ಸಾಲಿನ ಕೆಳಗೆ ಇನ್ನೆರಡು ಸಾಲು ಸೇರಿಸಿ: ವಿತ್‌ಡ್ರಾವಲ್ ವೈಟ್‌ಲಿಸ್ಟ್ ಚಾಲೂ ಮಾಡಿದ್ದೀರಾ? ನಿಮ್ಮ ನಾಣ್ಯವನ್ನು ಹೊರಗೆ ತೆಗೆದು ನೋಡಿದ್ದೀರಾ?

ಇಂತಿ,
ನಿಮ್ಮ ಓದುಗ
ತುಮಕೂರು